ನಾಲ್ಕು ದಿನಕ್ಕೆ ತಪ್ಪಿದ ಆಟ: ಮಕ್ಕಳ ಫುಟ್‌ಬಾಲ್‌ನಲ್ಲಿ ವಯಸ್ಸಿನ ಗೆರೆ ಹೇಗೆ ಕೆಲಸ ಮಾಡುತ್ತದೆ?

ಶಿವಮೊಗ್ಗದಲ್ಲಿ ಮಕ್ಕಳ ಫುಟ್‌ಬಾಲ್ ಟೂರ್ನಿ ಇದ್ದಾಗ ನಾನು ಫಾರಂ ನೋಡುವ ಮೇಜಿನಲ್ಲಿ ಕೂರುತ್ತೇನೆ. ಹೆಸರು, ಶಾಲೆ, ಹುಟ್ಟಿದ ದಿನ, ಫೋಟೋ ಎಲ್ಲ ಸರಿ ಇದೆಯಾ ನೋಡಿ ಸೀಲು ಒತ್ತುವುದು ನನ್ನ ಕೆಲಸ. 2025ರ ಆಗಸ್ಟ್‌ನ ಒಂದು ಭಾನುವಾರ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಬೆಳಗಿನ ಮೊದಲ ಬಸ್ಸಿಗೇ ಹೊರಟು ಬಂದವರು. ಹೊರಗೆ ಜಿಟಿಜಿಟಿ ಮಳೆ. ಮಗನ ಜನನ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಕವರ್ ಸುತ್ತಿ, ಸೆರಗಿನ ಒಳಗೆ ಹಿಡಿದುಕೊಂಡಿದ್ದರು. ಕವರ್ ಬಿಚ್ಚಿ, ಸೆರಗಿನ ತುದಿಯಿಂದ ಒರೆಸಿ ನನ್ನ ಮುಂದೆ ಇಟ್ಟರು.

ಹುಟ್ಟಿದ ದಿನ: 28-12-2012.

ಹದಿಮೂರು ವರ್ಷದೊಳಗಿನವರ ಗುಂಪಿಗೆ 2013ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಮಾತ್ರ ಅಂತ ನಿಯಮ ಇತ್ತು. ಪಕ್ಕದಲ್ಲೇ ನಿಂತಿದ್ದ ಹುಡುಗನ ಗೆಳೆಯ ಹುಟ್ಟಿದ್ದು 2013ರ ಜನವರಿ 3ಕ್ಕೆ. ಇಬ್ಬರೂ ಏಳನೇ ಕ್ಲಾಸು, ಒಂದೇ ಬೆಂಚು, ಒಂದೇ ತಂಡ. ಒಬ್ಬನ ಫಾರಂಗೆ ಸೀಲು ಬಿತ್ತು. ಇನ್ನೊಬ್ಬನದಕ್ಕೆ ಬೀಳಲಿಲ್ಲ.

"ನಾಲ್ಕೇ ದಿನ ಅಲ್ವಾ ಸರ್? ಈ ಜನವರಿ ಒಂದು ಅಂತ ಯಾರು ಮಾಡಿದ್ದು?" ಅಂತ ಆ ತಾಯಿ ಕೇಳಿದರು. ಹಿಂದೆ ದೊಡ್ಡ ಸಾಲು ಇತ್ತು. ನಿಯಮ ಅಂದೆ, ಅಷ್ಟೇ. ಆ ಪ್ರಶ್ನೆಗೆ ಅವತ್ತು ಕೊಡಲಾಗದ ಉತ್ತರವನ್ನು ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ. ಮಗುವನ್ನು ಮೈದಾನಕ್ಕೆ ಕಳಿಸುವ ಪ್ರತಿ ಮನೆಗೂ ಇದು ಒಂದಲ್ಲ ಒಂದು ದಿನ ಎದುರಾಗುವ ವಿಷಯ.

ಗೆರೆ ಯಾಕೆ ಬೇಕು?

ಈ ಗೆರೆಗೆ ಕಟ್-ಆಫ್ ಅನ್ನುತ್ತಾರೆ. ಅಂದರೆ ಒಂದು ದಿನಾಂಕ. ಆ ದಿನಕ್ಕಿಂತ ಮುಂಚೆ ಹುಟ್ಟಿದವರು ಒಂದು ಗುಂಪು, ಆ ದಿನ ಮತ್ತು ಆಮೇಲೆ ಹುಟ್ಟಿದವರು ಇನ್ನೊಂದು ಗುಂಪು. ಅದಕ್ಕಿಂತ ಹೆಚ್ಚಿನ ಗುಟ್ಟು ಅದರಲ್ಲಿಲ್ಲ.

ಕರ್ನಾಟಕದ ಅಪ್ಪ ಅಮ್ಮಂದಿರಿಗೆ ಇದು ಹೊಸದೂ ಅಲ್ಲ. ಒಂದನೇ ತರಗತಿಗೆ ಸೇರಿಸುವಾಗ ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಅಂತ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025-26ಕ್ಕೆ ಅದು ಜಾರಿಗೆ ಬರುವ ಹೊತ್ತಿಗೆ ಕೆಲವೇ ದಿನ, ಕೆಲವೇ ವಾರಕ್ಕೆ ಮಕ್ಕಳು ತಪ್ಪಿಹೋಗುತ್ತಾರೆ ಅಂತ ಪೋಷಕರು ಕೇಳಿಕೊಂಡರು. ನಮ್ಮ ಸೊರಬದ ಶಾಸಕರೂ ಆಗಿರುವ ಶಿಕ್ಷಣ ಸಚಿವ ಮಧು ಬಂಗಾರಪ್ಪ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಆಗಿದ್ದರೆ ಸಾಕು ಎಂದು ಸಡಿಲಿಕೆ ಕೊಟ್ಟರು. ಆಗ ಎಷ್ಟು ಮನೆಗಳಲ್ಲಿ ಕ್ಯಾಲೆಂಡರ್ ಮುಂದೆ ನಿಂತು ಬೆರಳು ಮಡಚಿ ಲೆಕ್ಕ ಹಾಕಿದ್ದಾರೋ! ಮೈದಾನದಲ್ಲಿ ಆಗುವುದೂ ಅದೇ ಲೆಕ್ಕ. ತಾರೀಖು ಮಾತ್ರ ಬೇರೆ.

ಗೆರೆ ಇಲ್ಲದಿದ್ದರೆ ಏನಾಗುತ್ತದೆ? ಹತ್ತು ವರ್ಷದ ಹುಡುಗ ಮತ್ತು ಹದಿನಾಲ್ಕರ ಹುಡುಗ ಒಂದೇ ಚೆಂಡಿಗೆ ಓಡುತ್ತಾರೆ. ದೊಡ್ಡವನ ಭುಜ ತಾಗಿದರೆ ಚಿಕ್ಕವನು ಎರಡು ಮಾರು ದೂರ ಹೋಗಿ ಬೀಳುತ್ತಾನೆ. ಪೆಟ್ಟಾಗುತ್ತದೆ. ಪೆಟ್ಟಾಗದಿದ್ದರೂ ಚೆಂಡು ಅವನ ಕಾಲಿಗೆ ಸಿಗುವುದೇ ಇಲ್ಲ. ಚೆಂಡು ಸಿಗದೆ ಆಟ ಕಲಿಯುವುದು ಹೇಗೆ? ಹಾಗಾಗಿ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಎಲ್ಲಿ ಎಳೆದರೂ ಅದರ ಆಚೆ ನಾಲ್ಕು ದಿನಕ್ಕೆ ಯಾರಾದರೂ ಒಬ್ಬ ಸಿಕ್ಕಿಕೊಳ್ಳುತ್ತಾನೆ.

ಫುಟ್‌ಬಾಲ್‌ಗೆ ಜನವರಿ 1 ಯಾಕೆ? ಅಂತರರಾಷ್ಟ್ರೀಯ ಮಟ್ಟದಲ್ಲಿ ಮೊದಲು ಆಗಸ್ಟ್ 1ರ ಲೆಕ್ಕ ಇತ್ತು. 1997ರಲ್ಲಿ ಅದು ಜನವರಿ 1ಕ್ಕೆ ಬದಲಾಯಿತು. ಹುಟ್ಟಿದ ವರ್ಷ ನೋಡಿದರೆ ಸಾಕು, ತಿಂಗಳು ದಿನ ನೋಡುವ ರಗಳೆ ಇಲ್ಲ. ಬೇರೆ ಬೇರೆ ದೇಶಗಳ ಶಾಲೆಗಳು ಬೇರೆ ಬೇರೆ ತಿಂಗಳಲ್ಲಿ ಶುರುವಾಗುತ್ತವೆ. ಎಲ್ಲರಿಗೂ ಹೊಂದುವ ಒಂದು ದಿನ ಅಂದರೆ ವರ್ಷದ ಮೊದಲ ದಿನ. ಹೀಗೆ ಅನುಕೂಲಕ್ಕೆ ಹುಟ್ಟಿದ ದಿನಾಂಕ ಇದು. ಮಗುವಿನ ಬೆಳವಣಿಗೆಗೂ ಜನವರಿ 1ಕ್ಕೂ ಸಂಬಂಧ ಇಲ್ಲ.

ಅಂಡರ್ 17 ಅಂದರೆ ಹದಿನೇಳರ ಒಳಗೇ ಅಂತಲ್ಲ

ಫಾರಂ ಮೇಜಿನಲ್ಲಿ ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2017ರಲ್ಲಿ ಭಾರತದಲ್ಲಿ ಫಿಫಾ ಅಂಡರ್ 17 ವಿಶ್ವಕಪ್ ನಡೆಯಿತು. ಅದಕ್ಕೆ ಅರ್ಹತೆ: 2000ದ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು. ಪಂದ್ಯಗಳು ನಡೆದದ್ದು ಅಕ್ಟೋಬರ್‌ನಲ್ಲಿ. ಅಂದರೆ 2000ದ ಜನವರಿಯಲ್ಲಿ ಹುಟ್ಟಿದವನಿಗೆ ಅಷ್ಟು ಹೊತ್ತಿಗೆ ಹದಿನೇಳು ವರ್ಷ ಒಂಬತ್ತು ತಿಂಗಳು. ಆದರೂ ಅವನು ಅಂಡರ್ 17 ಆಟಗಾರನೇ. ಫಿಫಾ ಲೆಕ್ಕದಲ್ಲಿ ಆ ವರ್ಷದೊಳಗೆ ಹದಿನೇಳು ತುಂಬುವವರಿಗೂ ಅವಕಾಶ ಇದೆ.

ಅದೇ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಭಾರತದ ಗೋಲು ಹೊಡೆದ ಜೀಕ್ಸನ್ ಸಿಂಗ್ ಹುಟ್ಟಿದ್ದು 2001ರ ಜೂನ್‌ನಲ್ಲಿ. ಅವರಿಗೆ ಆಗ ಹದಿನಾರು ವರ್ಷ ಮೂರು ತಿಂಗಳು ದಾಟಿತ್ತು ಅಷ್ಟೇ. ಒಂದೇ ಗುಂಪಿನೊಳಗೆ ಒಂದೂವರೆ ವರ್ಷದ ಅಂತರ ಇರಬಹುದು ಅನ್ನುವುದಕ್ಕೆ ಇದೇ ಉದಾಹರಣೆ.

ಈಗ ನಮ್ಮ ಊರಿನ ಟೂರ್ನಿಗೆ ಬನ್ನಿ. ಸುತ್ತೋಲೆಯಲ್ಲಿ "ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬಾರದು" ಅಂತ ಇದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಆ ವರ್ಷದೊಳಗೆ ಹದಿನೇಳು ತುಂಬುವವನು ಇಲ್ಲಿ ಹೊರಗೆ. ಹೆಸರು ಎರಡಕ್ಕೂ ಅಂಡರ್ 17. ವ್ಯತ್ಯಾಸ ಮಾತ್ರ ಪೂರ್ತಿ ಒಂದು ವರ್ಷ. "ಹೋದ ತಿಂಗಳು ಇನ್ನೊಂದು ಕಡೆ ಅಂಡರ್ 17 ಆಡಿಸಿದ್ರು, ಇಲ್ಲಿ ಯಾಕಾಗಲ್ಲ?" ಅಂತ ಜಗಳ ಬರುವುದು ಈ ಕಾರಣಕ್ಕೆ. ಇಬ್ಬರದೂ ಸುಳ್ಳಲ್ಲ. ಹಾಗಾಗಿ "ಅಂಡರ್" ಪಕ್ಕದ ಅಂಕಿ ನೋಡಿ ನಿರ್ಧಾರ ಮಾಡಬೇಡಿ. "ಈ ದಿನ ಅಥವಾ ಆಮೇಲೆ ಹುಟ್ಟಿದವರು" ಅನ್ನುವ ಸಾಲು ಎಲ್ಲಿದೆ ಹುಡುಕಿ. ಆ ಸಾಲೇ ನಿಯಮ.

ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಸಾಮಾನ್ಯವಾಗಿ ಚಿಕ್ಕವರು ಮೇಲಿನ ಗುಂಪಿನಲ್ಲಿ ಆಡಬಹುದು. ದೊಡ್ಡವರು ಕೆಳಗಿನ ಗುಂಪಿಗೆ ಇಳಿಯುವಂತಿಲ್ಲ.

ಶಾಲೆಯ ವರ್ಷ ಬೇರೆ, ಮೈದಾನದ ವರ್ಷ ಬೇರೆ

ನಮ್ಮ ಶಾಲೆಗಳ ಲೆಕ್ಕ ಜೂನ್‌ನಿಂದ ಮೇವರೆಗೆ. ಮೈದಾನದ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ. ಈ ಎರಡು ಕ್ಯಾಲೆಂಡರ್ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಪ್ರತಿ ಕ್ಲಾಸೂ ಮೈದಾನಕ್ಕೆ ಬಂದಾಗ ಎರಡು ಹೋಳಾಗುತ್ತದೆ.

ಜೂನ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದವರು ಕ್ಲಾಸಿನಲ್ಲಿ ದೊಡ್ಡವರು. ಮೈದಾನದಲ್ಲಿ ಅವರೇ ತಮ್ಮ ವರ್ಷದ ಚಿಕ್ಕವರ ಸಾಲಿಗೆ ಬೀಳುತ್ತಾರೆ. ಜನವರಿಯಿಂದ ಮೇ ಒಳಗೆ ಹುಟ್ಟಿದವರು ಕ್ಲಾಸಿನಲ್ಲಿ ಚಿಕ್ಕವರು, ಮೈದಾನದಲ್ಲಿ ದೊಡ್ಡವರು. ಆ ತೀರ್ಥಹಳ್ಳಿ ಕಡೆಯ ಗೆಳೆಯರಿಗೆ ಆಗಿದ್ದೂ ಇದೇ. ಏಳನೇ ಕ್ಲಾಸಿನ ಒಂದು ಬೆಂಚಿನ ನಡುವೆಯೇ ಗೆರೆ ಹಾದುಹೋಗಿತ್ತು.

ಜನವರಿ ಮಗು, ಡಿಸೆಂಬರ್ ಮಗು

ಗೆರೆಯ ಆಚೆ ಬಿದ್ದವರ ದುಃಖ ಕಣ್ಣಿಗೆ ಕಾಣುತ್ತದೆ. ಗೆರೆಯ ಒಳಗೇ ಇರುವವರ ನಡುವಿನ ಏರುಪೇರು ಕಾಣುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ವಿಷಯ.

2013ರ ಜನವರಿ 3ಕ್ಕೆ ಹುಟ್ಟಿದವನೂ 2013ರ ಡಿಸೆಂಬರ್ 28ಕ್ಕೆ ಹುಟ್ಟಿದವನೂ ಕಾಗದದ ಮೇಲೆ ಒಂದೇ ವಯಸ್ಸಿನವರು. ನಿಜದಲ್ಲಿ ಇಬ್ಬರ ನಡುವೆ 359 ದಿನ ಇದೆ. ನಮಗೆ ನಿಮಗೆ ಒಂದು ವರ್ಷ ಅಂದರೆ ಏನೂ ಅಲ್ಲ. ಹತ್ತು ವರ್ಷದ ಮಗುವಿಗೆ ಅದು ಇಡೀ ಬದುಕಿನ ಹತ್ತರಲ್ಲಿ ಒಂದು ಪಾಲು. ಆರು ವರ್ಷದ ಮಗುವಿಗೆ ಆರರಲ್ಲಿ ಒಂದು ಪಾಲು. ಅಷ್ಟು ದಿನ ಜಾಸ್ತಿ ಓಡಿದ್ದಾನೆ, ಜಾಸ್ತಿ ಬಿದ್ದು ಎದ್ದಿದ್ದಾನೆ, ಮೂಳೆ ಅಷ್ಟು ಉದ್ದ ಆಗಿದೆ, ಹೇಳಿದ್ದು ಅಷ್ಟು ಬೇಗ ತಲೆಗೆ ಹೋಗುತ್ತದೆ.

ಅಡಿಕೆ ಸಸಿ ಮಾಡುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಸಂಕ್ರಾಂತಿ ಹೊತ್ತಿಗೆ ಊರಿದ ಬೀಜ, ಯುಗಾದಿ ಕಳೆದು ಊರಿದ ಬೀಜ, ಎರಡರ ಸಸಿಯನ್ನೂ ಒಂದೇ ಕಡೆ ಬೆರೆಸಿ ಇಟ್ಟರೆ ಕೊಳ್ಳಲು ಬಂದವರು ಯಾವುದಕ್ಕೆ ಕೈ ಹಾಕುತ್ತಾರೆ? ಎತ್ತರದ್ದಕ್ಕೇ. ಸಣ್ಣದು ಕೆಟ್ಟ ತಳಿ ಅಲ್ಲ. ತಡವಾಗಿ ಊರಿದ್ದು, ಅಷ್ಟೇ. ಊರಿದ ತಾರೀಖು ಸಸಿಯ ಮೇಲೆ ಬರೆದಿರುವುದಿಲ್ಲವಲ್ಲ.

ಇದಕ್ಕೆ ಸಂಶೋಧಕರು ಸಾಪೇಕ್ಷ ವಯಸ್ಸಿನ ಪರಿಣಾಮ ಅನ್ನುತ್ತಾರೆ. ಹೆಸರು ಭಾರ ಇದೆ, ಅರ್ಥ ಸುಲಭ: ಮಗುವಿನ ವಯಸ್ಸು ಎಷ್ಟು ಅನ್ನುವುದಕ್ಕಿಂತ, ತನ್ನ ಗುಂಪಿನಲ್ಲಿ ಅದು ದೊಡ್ಡದೋ ಚಿಕ್ಕದೋ ಅನ್ನುವುದು ಆಯ್ಕೆಯನ್ನು ತೂಗಿಬಿಡುತ್ತದೆ.

ಅಲ್ಲಿಂದ ಮುಂದೆ ಒಂದು ಚಕ್ರ ಶುರುವಾಗುತ್ತದೆ. ಎತ್ತರ ಇದ್ದಾನೆ, ಬಿರುಸಾಗಿ ಓಡುತ್ತಾನೆ ಅಂತ ಜನವರಿ ಹುಡುಗ ಸೆಲೆಕ್ಷನ್‌ನಲ್ಲಿ ಪಾಸಾಗುತ್ತಾನೆ. ತಂಡಕ್ಕೆ ಬಂದ ಮೇಲೆ ಒಳ್ಳೆಯ ಕೋಚ್ ಸಿಗುತ್ತಾರೆ, ವಾರಕ್ಕೆ ನಾಲ್ಕು ದಿನ ಅಭ್ಯಾಸ ಸಿಗುತ್ತದೆ, ಬೇರೆ ಊರಿನ ಪಂದ್ಯ ಸಿಗುತ್ತದೆ. ಎರಡು ವರ್ಷ ಕಳೆದರೆ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ. ಆಗ ನೋಡಿದವರು "ನೋಡಿ, ಅವತ್ತೇ ಸರಿಯಾಗಿ ಆರಿಸಿದ್ವಿ" ಅನ್ನುತ್ತಾರೆ. ಡಿಸೆಂಬರ್ ಹುಡುಗ ಬೆಂಚಿನ ಮೇಲೆ ಕೂತು ಕೂತು "ನನಗೆ ಆಟ ಬರಲ್ಲ" ಅಂತ ಮನೆಯಲ್ಲಿ ಹೇಳುತ್ತಾನೆ. ಬೂಟು ಅಟ್ಟ ಸೇರುತ್ತದೆ. ಅವನಿಗೆ ಆಟ ಬರುವುದಿಲ್ಲ ಅಂತ ಯಾರೂ ಪರೀಕ್ಷೆ ಮಾಡಿ ನೋಡಿರುವುದಿಲ್ಲ.

ಹುಡುಗಿಯರಲ್ಲಿ ಈ ಪರಿಣಾಮ ಇದೆ, ಆದರೆ ಒಟ್ಟಾರೆ ಹುಡುಗರಷ್ಟು ಜೋರಾಗಿಲ್ಲ. ಅವರ ದೇಹ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲೇ ಬಲಿಯುತ್ತದೆ. ನಮ್ಮ ಕಡೆ ಹುಡುಗಿಯರ ತಂಡಕ್ಕೆ ಹನ್ನೊಂದು ಜನ ಸೇರುವುದೇ ಕಷ್ಟ. ಬಂದವರನ್ನೆಲ್ಲ ಆಡಿಸುವಾಗ ಹುಟ್ಟಿದ ತಿಂಗಳಿನ ಪೈಪೋಟಿ ಅಷ್ಟಾಗಿ ಬರುವುದಿಲ್ಲ.

ಇದು ಗೊತ್ತಾಗಿದ್ದು ಹೇಗೆ?

ಮೊದಲು ಗೊತ್ತಾಗಿದ್ದು ಐಸ್ ಹಾಕಿಯಲ್ಲಿ. 1980ರ ದಶಕದಲ್ಲಿ ಕೆನಡಾದ ಲೆತ್‌ಬ್ರಿಜ್ ಎಂಬ ಊರಿನಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಹೆಂಡತಿ ಪೌಲಾ ಒಂದು ಪಂದ್ಯ ನೋಡಲು ಹೋಗಿದ್ದರು. ಪೌಲಾ ಕೈಯಲ್ಲಿದ್ದ ಆಟಗಾರರ ಪಟ್ಟಿ ಓದುತ್ತಾ ಹುಟ್ಟಿದ ತಿಂಗಳುಗಳನ್ನು ಗಮನಿಸಿದರು. ಜನವರಿ, ಫೆಬ್ರವರಿ, ಮಾರ್ಚ್. ಮತ್ತೆ ಜನವರಿ, ಫೆಬ್ರವರಿ. ಕೆನಡಾದ ಹಾಕಿಯಲ್ಲೂ ಗೆರೆ ಜನವರಿ 1. ಮನೆಗೆ ಹೋಗಿ ಬೇರೆ ತಂಡಗಳ ಪಟ್ಟಿ ತೆಗೆದು ನೋಡಿದರೆ ಅಲ್ಲೂ ಅದೇ ಕಥೆ. 1985ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಜನವರಿಯಲ್ಲಿ ಹುಟ್ಟಿದವರಿಗೆ ಹುಟ್ಟಿನಲ್ಲೇ ಏನಾದರೂ ವಿಶೇಷ ಇರಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಅದಕ್ಕೆ ಉತ್ತರ ಬೆಲ್ಜಿಯಂನಲ್ಲಿ ಸಿಕ್ಕಿತು. ಅಲ್ಲಿ ಆಗಸ್ಟ್ 1ರ ಗೆರೆ ಇದ್ದಾಗ ಯುವ ತಂಡಗಳಲ್ಲಿ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹುಟ್ಟಿದವರೇ ಜಾಸ್ತಿ ಇದ್ದರು. 1997ರಲ್ಲಿ ಗೆರೆ ಜನವರಿ 1ಕ್ಕೆ ಸರಿಯಿತು. ತಂಡಗಳೂ ಸರಿದವು. ಆಗಸ್ಟ್ ಮಕ್ಕಳು ಕಮ್ಮಿಯಾಗಿ ಜನವರಿ, ಫೆಬ್ರವರಿ ಮಕ್ಕಳು ಜಾಸ್ತಿಯಾದರು. ಅದೇ ದೇಶ, ಅದೇ ಊರು, ಅದೇ ಮಕ್ಕಳು. ಬದಲಾಗಿದ್ದು ಕಾಗದದ ಮೇಲಿನ ಒಂದು ದಿನಾಂಕ ಮಾತ್ರ.

ನನಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ನಾಟಿದ್ದು 2017ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಒಂದು ಪ್ರಯೋಗ. ಆಟಗಾರರನ್ನು ಹುಡುಕುವುದೇ ಕೆಲಸವಾದ ಕ್ಲಬ್ ಸ್ಕೌಟ್‌ಗಳಿಗೆ ಮಕ್ಕಳ ಪಂದ್ಯ ತೋರಿಸಿ, ಯಾರು ಚೆನ್ನಾಗಿ ಆಡುತ್ತಾರೆ ಹೇಳಿ ಅಂದರು. ಕೆಲವರಿಗೆ ಮಕ್ಕಳ ವಯಸ್ಸು ಹೇಳಲಿಲ್ಲ. ಅವರು ಗುಂಪಿನ ದೊಡ್ಡ ಮಕ್ಕಳಿಗೇ ಒಲಿದರು. ಇನ್ನು ಕೆಲವರ ಕೈಗೆ ಹುಟ್ಟಿದ ದಿನದ ಪಟ್ಟಿ ಕೊಟ್ಟರು. ಆಶ್ಚರ್ಯ ಅಂದರೆ ಅವರೂ ದೊಡ್ಡವರಿಗೇ ಒಲಿದರು. ಪಟ್ಟಿ ಕೈಯಲ್ಲಿದ್ದರೂ ಪ್ರಯೋಜನ ಆಗಲಿಲ್ಲ. ಮೂರನೇ ಗುಂಪಿನವರು ನೋಡಿದ ಪಂದ್ಯದಲ್ಲಿ ಜರ್ಸಿಯ ನಂಬರನ್ನೇ ವಯಸ್ಸಿನ ಸಾಲಿನಲ್ಲಿ ಕೊಟ್ಟಿದ್ದರು. ಚೆಂಡಿನ ಹಿಂದೆ ಓಡುವ ಮಗುವಿನ ಬೆನ್ನ ಮೇಲೇ ಅದು ದೊಡ್ಡದೋ ಚಿಕ್ಕದೋ ಅಂತ ಬರೆದಂತಾಯಿತು. ಆಗ ಒಲವು ಕಾಣೆಯಾಯಿತು.

ಇದರ ಅರ್ಥ ಕೋಚ್‌ಗಳು ಕೆಟ್ಟವರು ಅಂತಲ್ಲ. ಕಣ್ಣು ಎತ್ತರವನ್ನು ನೋಡುತ್ತದೆ, ತಿಂಗಳನ್ನು ನೋಡುವುದಿಲ್ಲ.

ಹಾಗಂತ ಡಿಸೆಂಬರ್ ಮಕ್ಕಳ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಗೆರೆ ಸೆಪ್ಟೆಂಬರ್ 1. ಆ ಲೆಕ್ಕದಲ್ಲಿ ಜುಲೈ 28ಕ್ಕೆ ಹುಟ್ಟಿದ ಹ್ಯಾರಿ ಕೇನ್ ತಮ್ಮ ಗುಂಪಿನ ತೀರಾ ಚಿಕ್ಕವರಲ್ಲಿ ಒಬ್ಬರು. ಎಂಟನೇ ವಯಸ್ಸಿನಲ್ಲಿ ಆರ್ಸೆನಲ್ ಕ್ಲಬ್ ಅವರನ್ನು ಕೈಬಿಟ್ಟಿತ್ತು. ಮುಂದೆ ಅವರೇ ಇಂಗ್ಲೆಂಡ್ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದ ಆಟಗಾರ ಆದರು. ಚಿಕ್ಕವರಾಗಿ ಉಳಿದು ದೊಡ್ಡವರ ಜೊತೆ ಗುದ್ದಾಡಿದವರು ಚೆಂಡನ್ನು ಬಚಾವು ಮಾಡುವ ಜಾಣತನವನ್ನು ಬೇಗ ಕಲಿಯುತ್ತಾರೆ ಎನ್ನುವ ಸಂಶೋಧಕರಿದ್ದಾರೆ. ಆದರೆ ಅದಕ್ಕೆ ಮೊದಲು ಅವರು ಆಟದಲ್ಲಿ ಉಳಿದಿರಬೇಕು. ಉಳಿದವರ ಹೆಸರು ನಮಗೆ ಗೊತ್ತು. ಬಿಟ್ಟುಹೋದವರದು ಗೊತ್ತಿಲ್ಲ.

ದೇಹದ ಗಡಿಯಾರ

ಇಲ್ಲಿ ಎರಡು ವಿಷಯ ಬೆರೆಸಿಬಿಡುತ್ತೇವೆ. ಹುಟ್ಟಿದ ತಿಂಗಳು ಒಂದು. ದೇಹ ಬಲಿಯುವ ವೇಗ ಇನ್ನೊಂದು. ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಹನ್ನೆರಡಕ್ಕೇ ಮೀಸೆ ಚಿಗುರಬಹುದು, ಇನ್ನೊಬ್ಬನಿಗೆ ಹದಿನೈದಾದರೂ ದನಿ ಒಡೆಯದೇ ಇರಬಹುದು. ಎರಡೂ ಸಹಜ. ಹುಡುಗರು ಸಾಮಾನ್ಯವಾಗಿ ಹದಿನಾಲ್ಕರ ಆಸುಪಾಸಿನಲ್ಲಿ ದಿಢೀರ್ ಬೆಳೆಯುತ್ತಾರೆ. ಆ ಒಂದು ವರ್ಷದಲ್ಲೇ ಒಂಬತ್ತು ಹತ್ತು ಸೆಂಟಿಮೀಟರ್ ಎತ್ತರ ಆಗುವವರಿದ್ದಾರೆ. ಹುಡುಗಿಯರಿಗೆ ಅದು ಹನ್ನೆರಡರ ಹೊತ್ತಿಗೇ ಬರುತ್ತದೆ. ಕಾಲು ಇದ್ದಕ್ಕಿದ್ದಂತೆ ಉದ್ದ ಆದಾಗ ಮಗು ಎಡವುತ್ತದೆ, ಚೆಂಡು ಕಾಲಿಗೆ ಹೊಂದುವುದಿಲ್ಲ, ಮಂಡಿ ಹಿಮ್ಮಡಿ ನೋವು ಅನ್ನುತ್ತದೆ. ಆಗ "ಆಟ ಕೆಟ್ಟುಹೋಯ್ತು" ಅನ್ನಬೇಡಿ, ಸ್ವಲ್ಪ ಕಾಯಿರಿ.

ಬೇಗ ಬಲಿತ ಹುಡುಗನನ್ನು ನೋಡಿ "ಓವರ್ ಏಜ್" ಅಂತ ಪ್ರೊಟೆಸ್ಟ್ ಹಾಕುವುದನ್ನು ನಾನು ನೋಡಿದ್ದೇನೆ. ಕೆಲವು ಸಲ ಅದು ನಿಜವೇ ಇರುತ್ತದೆ. ವಯಸ್ಸು ಕಮ್ಮಿ ತೋರಿಸಿ ಆಡಿಸುವುದು ನಮ್ಮ ದೇಶದ ಹಳೆಯ ಪಿಡುಗು. ಅದು ನಿಯಮದೊಳಗಿನ ಏರುಪೇರಲ್ಲ, ಮೋಸ. ಪಕ್ಕದ ಮಗುವಿನ ಜಾಗ ಕಿತ್ತುಕೊಳ್ಳುವ ಮೋಸ.

ಇದನ್ನು ಹಿಡಿಯಲು ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಬಲಿತಿದೆ ನೋಡುವ ವಿಧಾನ ಇದೆ. ಫಿಫಾ 2009ರ ಅಂಡರ್ 17 ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಶುರುಮಾಡಿತು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಪಟ್ಟಿ ಒಂದಿರುತ್ತದೆ. ಬೆಳವಣಿಗೆ ನಿಂತ ಮೇಲೆ ಅದು ಬೆಸೆದುಕೊಳ್ಳುತ್ತದೆ. ಪೂರ್ತಿ ಬೆಸೆದಿದ್ದರೆ ಹದಿನೇಳು ದಾಟಿರುವ ಸಾಧ್ಯತೆ ತುಂಬಾ ಜಾಸ್ತಿ. ಆದರೆ ಮೂಳೆ ಹೇಳುವುದು ದೇಹದ ವಯಸ್ಸನ್ನು. ಹುಟ್ಟಿದ ದಿನವನ್ನು ಅದು ಹೇಳುವುದಿಲ್ಲ. ಬರೀ ಮುಖ ನೋಡಿ ಮಗುವಿನ ಮೇಲೆ ಆರೋಪ ಹೊರಿಸುವುದಂತೂ ಬೇಡ.

ಮಲೆನಾಡಿನ ಕ್ಲಬ್ಬಿಗೆ ಇದರ ಬಿಸಿ ಹೇಗೆ ತಟ್ಟುತ್ತದೆ?

ಬೆಂಗಳೂರಿನ ದೊಡ್ಡ ಅಕಾಡೆಮಿಗೆ ಒಂದೊಂದು ವಯಸ್ಸಿಗೂ ಒಂದೊಂದು ತಂಡ ಮಾಡುವಷ್ಟು ಮಕ್ಕಳಿರುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಂದು ಕ್ಲಬ್ಬಿಗೆ ಎಲ್ಲ ವಯಸ್ಸೂ ಸೇರಿ ಇಪ್ಪತ್ತು ಇಪ್ಪತ್ತೈದು ಮಕ್ಕಳು ಬಂದರೆ ದೊಡ್ಡದು. ಅದರಲ್ಲಿ ಗೆರೆ ಎಳೆದರೆ ಅಂಡರ್ 13ಕ್ಕೆ ಹತ್ತು, ಅಂಡರ್ 15ಕ್ಕೆ ಒಂಬತ್ತು ಅಂತ ಆಗುತ್ತದೆ. ಎರಡು ತಂಡವೂ ಪೂರ್ತಿ ಆಗುವುದಿಲ್ಲ. ಆ ಭಾನುವಾರ ಡಿಸೆಂಬರ್ 28ರ ಹುಡುಗನಿಗೆ ನಿಯಮದ ಪ್ರಕಾರ ಅಂಡರ್ 15 ಆಡಲು ಅಡ್ಡಿ ಇರಲಿಲ್ಲ. ಆದರೆ ಅವರ ಮೇಷ್ಟ್ರು ಕರೆತಂದಿದ್ದು ಒಂದೇ ತಂಡವನ್ನು. ದೊಡ್ಡವರ ತಂಡಕ್ಕೆ ಜನ ಇರಲಿಲ್ಲ. ಹುಡುಗ ಇಡೀ ದಿನ ಗೋಲ್ ಕಂಬದ ಹಿಂದೆ ನಿಂತು ಹೊರಗೆ ಹೋದ ಚೆಂಡು ತಂದುಕೊಟ್ಟ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅದು ಮಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಗದ್ದೆಯ ಹಾಗಿರುತ್ತದೆ. ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳು ಬರುವುದು ಸರಿಯಾಗಿ ಆ ಹೊತ್ತಿಗೇ. ಕೆಸರಿನಲ್ಲಿ ಚೆಂಡು ಉರುಳುವುದಿಲ್ಲ. ಕಾಲಿನ ಬಲ ಇದ್ದವನೇ ಗೆಲ್ಲುತ್ತಾನೆ. ಅಂದರೆ ದೊಡ್ಡ ಹುಡುಗರಿಗೆ ಇನ್ನಷ್ಟು ಅನುಕೂಲ. ನಿಜವಾದ ಅಭ್ಯಾಸ ಶುರುವಾಗುವುದು ದಸರಾ ಕಳೆದ ಮೇಲೆ, ನೆಲ ಒಣಗಿದಾಗ. ಅಕ್ಟೋಬರ್‌ನಲ್ಲಿ ಕೋಚ್ ಒಂದು ತಂಡ ಕಟ್ಟುತ್ತಾರೆ. ಹುಡುಗರು ಒಬ್ಬರಿಗೊಬ್ಬರು ಹೊಂದಿಕೊಳ್ಳುವಷ್ಟರಲ್ಲಿ ಜನವರಿ 1 ಬರುತ್ತದೆ. ಗುಂಪು ಬದಲಾಗಿ ಅರ್ಧ ಹುಡುಗರು ಮೇಲಕ್ಕೆ ಹೋಗುತ್ತಾರೆ. ಮಾರ್ಚ್‌ಗೆ ಪರೀಕ್ಷೆ. ಮಳೆ ನಾಡಿನ ಆಟದ ಕಾಲವನ್ನು ಈ ಗೆರೆ ನಟ್ಟನಡುವೆ ಕತ್ತರಿಸುತ್ತದೆ.

ಗೆರೆಯನ್ನೇ ಜರುಗಿಸಿದರೆ ಆಗದೇ? ಅಮೆರಿಕದಲ್ಲಿ ಜರುಗಿಸಿ ನೋಡಿದ್ದಾರೆ. ಅಲ್ಲಿ ಮೊದಲು ಶಾಲೆಯ ವರ್ಷಕ್ಕೆ ಹೊಂದುವ ಆಗಸ್ಟ್ 1ರ ಲೆಕ್ಕ ಇತ್ತು. ಅಂತರರಾಷ್ಟ್ರೀಯ ಪದ್ಧತಿಗೆ ಹೊಂದಲಿ ಅಂತ 2015ರಲ್ಲಿ ಜನವರಿ 1ಕ್ಕೆ ಬದಲಿಸಲು ತೀರ್ಮಾನಿಸಿ, 2017ರೊಳಗೆ ಎಲ್ಲ ಕಡೆ ಜಾರಿ ಮಾಡಿದರು. ವರ್ಷಗಟ್ಟಲೆ ಒಟ್ಟಿಗೆ ಆಡಿದ ತಂಡಗಳು ಒಡೆದವು. ಒಂದೇ ಕ್ಲಾಸಿನ ಗೆಳೆಯರು ಬೇರೆಯಾದರು. ಒಂದು ತಂಡದ ಅರ್ಧ ಮಕ್ಕಳು ಹೈಸ್ಕೂಲಿಗೆ (ಅಲ್ಲಿ ಅದು ಒಂಬತ್ತನೇ ಕ್ಲಾಸಿನಿಂದ) ಹೋಗಿ ಶಾಲಾ ತಂಡ ಸೇರಿದಾಗ, ಎಂಟನೇ ಕ್ಲಾಸಿನಲ್ಲೇ ಉಳಿದ ಮಕ್ಕಳಿಗೆ ಆ ಕಾಲ ಪೂರ್ತಿ ತಂಡವೇ ಇಲ್ಲದಂತಾಯಿತು. ಅಂಥವರಿಗೆ ಅಲ್ಲಿ "ಸಿಕ್ಕಿಬಿದ್ದ ಆಟಗಾರರು" ಅಂತಲೇ ಹೆಸರು ಬಂತು. ಈಗ ಅಲ್ಲಿನ ಪ್ರಮುಖ ಯುವ ಸಂಸ್ಥೆಗಳು 2026-27ರಿಂದ ಮತ್ತೆ ಆಗಸ್ಟ್ 1ಕ್ಕೆ ಮರಳಲು ನಿರ್ಧರಿಸಿವೆ. ಇದರಿಂದ ಗೆಳೆಯರು ಮತ್ತೆ ಒಂದಾಗುತ್ತಾರೆ. ಆದರೆ ಏರುಪೇರು ಹೋಗುವುದಿಲ್ಲ. ಜನವರಿ ಮಗುವಿಗಿದ್ದ ಅನುಕೂಲ ಆಗಸ್ಟ್ ಮಗುವಿಗೆ ಹೋಗುತ್ತದೆ. ಡಿಸೆಂಬರ್ ಮಗುವಿನ ಕಷ್ಟ ಜುಲೈ ಮಗುವಿಗೆ ಬರುತ್ತದೆ.

ಹಾಗಾದರೆ ಏನು ಮಾಡಬಹುದು?

ಬೆಲ್ಜಿಯಂ ಫುಟ್‌ಬಾಲ್ ಸಂಸ್ಥೆ ತಡವಾಗಿ ಬಲಿಯುವ ಮಕ್ಕಳಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಯುವ ತಂಡ ನಡೆಸುತ್ತದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 2015ರ ಆಸುಪಾಸಿನಲ್ಲಿ ಬೇರೆ ದಾರಿ ಪ್ರಯತ್ನಿಸಿದವು. ಅಪ್ಪ ಅಮ್ಮನ ಎತ್ತರ ಮತ್ತು ಮಗುವಿನ ಈಗಿನ ಎತ್ತರ, ತೂಕ ನೋಡಿ, ದೊಡ್ಡವನಾದಾಗ ಎಷ್ಟು ಎತ್ತರ ಆಗಬಹುದು ಅಂತ ಅಂದಾಜು ಮಾಡುತ್ತಾರೆ. ಅದರಲ್ಲಿ ಈಗಾಗಲೇ ಎಷ್ಟು ಪಾಲು ಬೆಳೆದಿದ್ದಾನೆ ಅನ್ನುವುದರ ಮೇಲೆ ಗುಂಪು. ಹೀಗೆ ಆಡಿಸಿದಾಗ ಬೇಗ ಬಲಿತವರಿಗೆ ಬರೀ ಬಲದಿಂದ ಗೆಲ್ಲಲು ಆಗಲಿಲ್ಲ, ಕೈಚಳಕ ಕಾಲ್ಚಳಕ ಕಲಿಯಬೇಕಾಯಿತು. ತಡವಾಗಿ ಬಲಿಯುವವರಿಗೆ ಮೊದಲ ಸಲ ಚೆಂಡು ಸಿಕ್ಕಿತು. ಇದನ್ನು ಯಾವಾಗಲೂ ಮಾಡುವುದಿಲ್ಲ, ಮಾಮೂಲಿ ಗುಂಪಿನ ಜೊತೆಗೆ ಆಗಾಗ ಮಾಡುತ್ತಾರೆ.

ನಮ್ಮ ಊರಿಗೆ ಅಷ್ಟೆಲ್ಲ ಬೇಡ. ಹಾಜರಿ ಪುಸ್ತಕದಲ್ಲಿ ಹೆಸರನ್ನು ಅಕ್ಷರದ ಸಾಲಿನಲ್ಲಿ ಬರೆಯುವ ಬದಲು ಹುಟ್ಟಿದ ದಿನದ ಸಾಲಿನಲ್ಲಿ ಬರೆದು, ಸೆಲೆಕ್ಷನ್ ದಿನ ಅದೇ ಸಾಲಿನಲ್ಲಿ ಜರ್ಸಿ ನಂಬರ್ ಕೊಟ್ಟರೆ ಒಂದು ರೂಪಾಯಿ ಖರ್ಚಿಲ್ಲ. ಹತ್ತು ಹನ್ನೆರಡು ವರ್ಷದವರ ಅಭ್ಯಾಸ ಪಂದ್ಯದಲ್ಲಿ ಎಲ್ಲರಿಗೂ ಸಮನಾಗಿ ಆಟದ ಸಮಯ ಕೊಟ್ಟರೆ ಅದಕ್ಕೂ ಖರ್ಚಿಲ್ಲ. ಕಪ್ ಗೆಲ್ಲಬೇಕು ಅನ್ನುವ ಆಸೆ ಅಡ್ಡ ಬರುತ್ತದೆ, ಗೊತ್ತು. ಹನ್ನೆರಡು ವರ್ಷದವರ ಕಪ್ಪಿಗೆ ಒಂದು ಮಗುವಿನ ಆಟ ತೆರಬೇಕಾದ ಬೆಲೆಯೇ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ಫಾರಂ ತುಂಬುವ ಮುಂಚೆ

ನಮ್ಮ ಅಪ್ಪನ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಅಜ್ಜಿ ಹೇಳುತ್ತಿದ್ದದ್ದು "ದೀಪಾವಳಿ ಕಳೆದು ಎಂಟು ದಿನಕ್ಕೆ" ಅಂತ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕಕ್ಕೆ ಸರಿಯಾಗಲಿ ಅಂತ ಬರೆದುಕೊಂಡದ್ದು ಜೂನ್ 1. ಆ ತಲೆಮಾರಿನಲ್ಲಿ ಹಾಗೆ ಜೂನ್ 1ಕ್ಕೆ ಹುಟ್ಟಿದವರು ಊರು ತುಂಬ ಇದ್ದಾರೆ. ಈಗಿನ ಮಕ್ಕಳಿಗೆ ಹಾಗಾಗಬಾರದು.

ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು ಅಂತ ಕಾನೂನಿದೆ. ಕರ್ನಾಟಕದಲ್ಲಿ ಅದು ಇ-ಜನ್ಮ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ ಸೇರಲು ಈ ಪ್ರಮಾಣಪತ್ರವೇ ಆಧಾರ. ಆಟದ ಫಾರಂಗೆ ಬಂದಾಗ ಮುಖ್ಯವಾಗಿ ನೋಡಬೇಕಾದದ್ದು ಒಂದೇ: ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ಸ್ಯಾಟ್ಸ್ (ಮಕ್ಕಳ ಆನ್‌ಲೈನ್ ವಿವರ) ದಾಖಲೆ, ಮೂರರಲ್ಲೂ ಅದೇ ದಿನ ಇದೆಯಾ? ಒಂದರಲ್ಲಿ 03-01, ಇನ್ನೊಂದರಲ್ಲಿ 01-03 ಅಂತ ಆಗಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಟೂರ್ನಿಯ ಹಿಂದಿನ ದಿನ ಅದು ಸರಿಹೋಗುವುದಿಲ್ಲ. ರಜೆಯಲ್ಲೇ ಒಮ್ಮೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಆ ಹುಡುಗನ ವಿಷಯ. ಎರಡು ವರ್ಷಕ್ಕೊಂದು ಗುಂಪು ಇರುವಲ್ಲಿ ಗೆರೆ ಪ್ರತಿ ವರ್ಷ ಒಂದು ವರ್ಷ ಮುಂದೆ ಸರಿಯುತ್ತದೆ. 2025ರಲ್ಲಿ ಅಂಡರ್ 15 ಅಂದರೆ 2011 ಮತ್ತು ಆಮೇಲೆ ಹುಟ್ಟಿದವರು. ಅವನು ಅಲ್ಲಿ ತೀರಾ ಚಿಕ್ಕವನು, ಕೆಲವರು ಅವನಿಗಿಂತ ಎರಡು ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಕಮ್ಮಿ ದೊಡ್ಡವರು. 2026ರಲ್ಲಿ ಅದೇ ಗುಂಪು 2012 ಮತ್ತು ಆಮೇಲೆ ಹುಟ್ಟಿದವರದು. ಅಂಡರ್ 13ರ ಗೆರೆ 2014ಕ್ಕೆ ಹೋಗುತ್ತದೆ, ಹಾಗಾಗಿ ಜನವರಿ 3ರ ಗೆಳೆಯನೂ ಮೇಲೆ ಬರಲೇಬೇಕು. ಇದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಫಾರಂನಲ್ಲಿದ್ದ ನಂಬರಿಗೆ ಫೋನ್ ಮಾಡಿ ಆ ತಾಯಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು, ಲೆಕ್ಕ ಹಾಕುತ್ತಿದ್ದರು ಅನ್ನಿಸಿತು.

"ಹಂಗಾದ್ರೆ ಮುಂದಿನ ವರ್ಷ ಇಬ್ರೂ ಒಟ್ಟಿಗೇ ಆಡ್ಬಹುದು ಅಲ್ವಾ ಸರ್?"

ಆಡಬಹುದು ಅಮ್ಮಾ, ಅಂದೆ. ಫೋನಿನ ಆಚೆ ಅವರು ಮಗನನ್ನು ಕೂಗಿ ಕರೆಯುವುದು ಕೇಳಿಸಿತು.